ಮನೆಗೊಂದು ಸಾಮಾನು

ಪೋಸ್ಟಕ್ಕನಿಗೆ ತಲೆ ಚಿಟ್ಟು ಹಿಡಿದು ಹೋಗಿತ್ತು. ಅದೇ ಫಾರಂ ಮೂರನೇ ಸಲ ವಾಪಸು ಬಂದಿತ್ತು.

ತಕರಾರೆಲ್ಲ ಏಳನೇ ಪ್ರಶ್ನೆಯದು. ‘ನಿಮ್ಮ ಶಾಲೆಯಿಂದ ಅತಿ ಹತ್ತಿರದ ಇನ್ನೊಂದು ಶಾಲೆಗೆ ರಸ್ತೆ ಮೂಲಕ ಎಷ್ಟು ದೂರ?’ ಮೊದಲನೇ ಸಲ ಅವಳು ‘ರಸ್ತೆ ಇಲ್ಲ, ಸುತ್ತಲೂ ಸಮುದ್ರ’ ಎಂದು ಇದ್ದದ್ದು ಇದ್ದಂತೆ ಬರೆದಿದ್ದಳು. ‘ಅಂಕಿಯಲ್ಲಿ ಮಾತ್ರ ತುಂಬುವುದು’ ಎಂಬ ಷರಾ ಹೊತ್ತು ಫಾರಂ ವಾಪಸು ಬಂತು. ಸರಿ, ರಸ್ತೆಯೇ ಇಲ್ಲವಲ್ಲ ಎಂದುಕೊಂಡು ಸೊನ್ನೆ ಬರೆದು ಕಳಿಸಿದಳು. ‘ದೂರ ಸೊನ್ನೆ ಇರುವಾಗ ಪ್ರತ್ಯೇಕ ಶಾಲೆಯ ಅಗತ್ಯವೇನು? ವಿವರಣೆ ನೀಡಿ’ ಎಂದು ಬಂತು. ಹಲ್ಲು ಕಚ್ಚಿಕೊಂಡು, ಲಾಂಚು ಹೋಗುವ ದಾರಿಯನ್ನೇ ಲೆಕ್ಕ ಹಿಡಿದು, ಇಪ್ಪತ್ತೆರಡು ಕಿಲೋಮೀಟರು ಎಂದು ಬರೆದಳು. ಈಗ ಬಂದಿರುವ ಷರಾ: ‘ಸದರಿ ಮಾರ್ಗದ ಬಸ್ಸಿನ ವೇಳಾಪಟ್ಟಿ ಲಗತ್ತಿಸಿ.’

“ಬಸ್ಸಂತೆ ಬಸ್ಸು!” ಎಂದು ಅವಳು ಫಾರಮ್ಮನ್ನು ಮೇಜಿಗೆ ಅಪ್ಪಳಿಸಿದಳು. “ಮೀನಿಗೆ ಟಿಕೆಟ್ ಹರಿಯೋಕೆ ಒಬ್ಬ ಕಂಡಕ್ಟರೂ ಬೇಕೇನೋ ಇವರಿಗೆ!”

ಮೂಲೆಯಲ್ಲಿ ಕೂತು ದೋಣಿಯ ಇಂಜಿನ್ನಿನ ಭಾಗವೊಂದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ ಅವಳ ಗಂಡ ತಲೆಯೆತ್ತಿದ. “ನಾಲ್ಕನೇ ಸಲ ಏನ್ ಬರೀತೀಯ?”

“ಬಸ್ಸು ಮುಳುಗಿ ಹೋಯ್ತು ಅಂತ ಬರೀತೀನಿ.”

ಮೆಕ್ಯಾನಿಕ್ಕು ಗಂಡ ಮತ್ತೆ ತೊಳೆಯಲು ಬಗ್ಗಿದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವ ಆಸಾಮಿ ಅವನು. ಇವಳೋ, ಅವನ ಪಾಲಿನದನ್ನೂ ಸೇರಿಸಿ ಆಡುವವಳು. ಮನೆಯ ಮುಂದಿನ ಕೋಣೆಯೇ ಪೋಸ್ಟಾಫೀಸು, ಅದೇ ದ್ವೀಪದ ಸಮಿತಿಯ ಕಚೇರಿ, ಸಮಿತಿಯ ಕಾರ್ಯದರ್ಶಿಯೂ ಅವಳೇ, ಸೀಲು ಇರುವುದೂ ಅವಳದೇ ಡ್ರಾಯರಿನಲ್ಲಿ. ಎಂಬತ್ತು ದಾಟಿದ ದೊಡ್ಡಜ್ಜ ಕೂಡ ಅವಳನ್ನು ಕರೆಯುವುದು ಪೋಸ್ಟಕ್ಕ ಎಂದೇ.

ಫಾರಮ್ಮಿನ ಹಿಂದೆ ಇದ್ದ ವಿಷಯ ಮಾತ್ರ ನಗುವಂಥದ್ದಲ್ಲ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಬರುವ ವರ್ಷದಿಂದ ಮುಚ್ಚುವುದು, ಅದಕ್ಕೂ ಮೊದಲು ಅಧಿಕಾರಿಯೊಬ್ಬರು ಬಂದು ಎಣಿಸಿಕೊಂಡು ಹೋಗುವುದು ಎಂದು ಇಲಾಖೆ ತೀರ್ಮಾನಿಸಿತ್ತು. ದ್ವೀಪದಲ್ಲಿದ್ದದ್ದು ಸರಿಯಾಗಿ ಹತ್ತು ಮಕ್ಕಳು. ‘ಶಾಲೆ ಮುಚ್ಚಿದಲ್ಲಿ ಮಕ್ಕಳಿಗೆ ಪಟ್ಟಣದಲ್ಲಿ ಉಚಿತ ಹಾಸ್ಟೆಲ್ ಸೌಲಭ್ಯವಿದೆ’ ಎಂದು ಕಾಗದದ ಕೊನೆಯಲ್ಲಿ, ಏನೋ ಬಹುಮಾನ ಕೊಡುವವರ ಹಾಗೆ ಬರೆದಿದ್ದರು. ಲಾಂಚಿನ ಡೀಸೆಲ್ಲು ಬರುವುದೂ ಶಾಲೆಯ ಅನುದಾನದಿಂದಲೇ. ಶಾಲೆ ಇರುವುದರಿಂದ ಲಾಂಚು ವಾರಕ್ಕೆ ಮೂರು ದಿನ ಬರುತ್ತಿತ್ತು. ಶಾಲೆ ಹೋದರೆ ಶನಿವಾರ ಒಂದೇ ದಿನ. ಆ ಲಾಂಚಾದರೂ ಜೆಟ್ಟಿಯಲ್ಲಿ ನಿಲ್ಲುವುದು ಒಂದೂವರೆ ಗಂಟೆ. ಆಮೇಲೆ ನೀರು ಇಳಿದುಬಿಡುತ್ತದೆ, ನಿಂತರೆ ತಳ ಕಲ್ಲಿಗೆ ಬಡಿಯುತ್ತದೆ. ಅಂದರೆ ಹಾಸ್ಟೆಲ್ಲಿನ ಮಗು ಶನಿವಾರ ಮನೆಗೆ ಬಂದು, ಊಟ ಮಾಡಿ, ಕೈ ಒಣಗುವ ಮೊದಲೇ ಅದೇ ಲಾಂಚಿನಲ್ಲಿ ವಾಪಸು ಹೋಗಬೇಕು. ಇದನ್ನು ಯೋಚಿಸಿದವರಿಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ಪೋಸ್ಟಕ್ಕ ದಿನಕ್ಕೊಂದು ಸಲವಾದರೂ ಜೋರಾಗಿ ಕೇಳುತ್ತಿದ್ದಳು.

ಅವಳ ಮಗಳು ಗುಬ್ಬಿಗೆ ಈಗ ಏಳು ವರ್ಷ. ನಿಜವಾದ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ, ಊರಿಗೆಲ್ಲ ಗುಬ್ಬಿ. ಪೋಸ್ಟಕ್ಕ ಹಾಸ್ಟೆಲ್ಲಿಗೆ ಹೋದದ್ದೂ ಏಳನೇ ವರ್ಷಕ್ಕೇ. ಆಗ ದ್ವೀಪದಲ್ಲಿ ಶಾಲೆಯೇ ಇರಲಿಲ್ಲ. ಗಾಳಿ ಎದ್ದಿತೆಂದು ಒಂದು ಸಲ ಐದು ವಾರ ಲಾಂಚು ಬಿಡಲಿಲ್ಲ. ಪ್ರತಿ ಶುಕ್ರವಾರ ಚೀಲ ಹಿಡಿದು ಪಟ್ಟಣದ ಜೆಟ್ಟಿಯಲ್ಲಿ ನಿಲ್ಲುವುದು, ಕತ್ತಲಾಗುವ ಮೊದಲು ವಾರ್ಡನ್ ಎಲ್ಲರನ್ನೂ ಸಾಲು ಮಾಡಿಸಿ ವಾಪಸು ಕರೆದುಕೊಂಡು ಹೋಗುವುದು. ಐದು ವಾರ ಕಳೆದು ಮನೆಗೆ ಬಂದರೆ ಅವಳ ಪುಟ್ಟ ತಮ್ಮ ಅಮ್ಮನ ಹಿಂದೆ ಅವಿತುಕೊಂಡು, “ಯಾರಮ್ಮ ಇವಳು?” ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಏಳು ವರ್ಷದವಳಿಗೆ ಬೇರೆ ಏನು ಮಾಡಬೇಕೆಂದು ತೋಚಬೇಕು? ಆ ಮಾತು ಮಾತ್ರ ಅವಳಿಗೆ ಈಗಲೂ ಮರೆತಿರಲಿಲ್ಲ. ಗುಬ್ಬಿಯನ್ನು ಕಳಿಸುವುದಿಲ್ಲ, ಏನೇ ಆಗಲಿ ಕಳಿಸುವುದಿಲ್ಲ ಎಂದು ಅವಳು ಹಟ ಹಿಡಿದಿದ್ದು ಅದಕ್ಕೇ.

ಹತ್ತು ಮಕ್ಕಳಲ್ಲಿ ಇಬ್ಬರು ಬಡಗಿಯವರು. ಬಡಗಿ ದೋಣಿ ರಿಪೇರಿ ಮಾಡುವವನು. ಈಗ ದೋಣಿಗಳೆಲ್ಲ ಫೈಬರಿನವು ಬಂದು ಮರಕ್ಕೆ ಉಳಿ ತಾಗಿಸುವ ಕೆಲಸವೇ ಇಲ್ಲದೆ, ಅವನು ಪಟ್ಟಣದ ಕುರ್ಚಿ ಮೇಜಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ. ಸಂಸಾರ ಸಮೇತ ಹೊರಟು ನಿಂತಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪೋಸ್ಟಕ್ಕ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡಿದಳು.

“ಅಣ್ಣಾ, ನಿಮಗೆ ಕೈ ಮುಗೀತೀನಿ. ಎಣಿಸೋರು ಬಂದು ಹೋಗೋವರೆಗೆ ಇರಿ. ಅವರು ಬಂದ ಲಾಂಚಲ್ಲೇ ಬೇಕಾದ್ರೆ ಹೊರಡಿ. ಒಂದು ವಾರದ ಮಾತು.”

ಬಡಗಿ ಒಳ್ಳೆಯವನು, ಒಪ್ಪಿದ. ಮೇಷ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ಹನ್ನೊಂದು ವರ್ಷದಿಂದ ಶಾಲೆಯ ಹಿಂದಿನ ಕೋಣೆಯಲ್ಲೇ ಇದ್ದು ಪಾಠ ಮಾಡುತ್ತಿದ್ದ ಒಂಟಿ ಜೀವ ಅವರು. “ಇದು ಮೋಸ ಅಲ್ವೇನಮ್ಮ?” ಎಂದು ಕನ್ನಡಕ ಒರೆಸಿಕೊಂಡರು.

“ಮೇಷ್ಟ್ರೇ, ಅವತ್ತು ಹತ್ತು ಮಕ್ಕಳು ಇರ್ತಾರಾ ಇಲ್ವಾ? ಇರ್ತಾರೆ. ಎಣಿಸೋದು ಅವರ ಕೆಲಸ, ಇರೋದು ನಮ್ಮ ಕೆಲಸ. ಮೋಸ ಎಲ್ಲಿ ಬಂತು?”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಅವಳೆದುರು ವಾದಕ್ಕೆ ನಿಂತು ಗೆದ್ದವರು ಆ ದ್ವೀಪದಲ್ಲಿ ಯಾರೂ ಇರಲಿಲ್ಲ.

ಒಂದು ವಾರದ ಮಾತು ಆರು ವಾರವಾಯಿತು. ಮೊದಲು ಗೊತ್ತು ಮಾಡಿದ ದಿನ ಗಾಳಿ. ಎರಡನೇ ಸಲ ಎಣಿಸುವ ಸಾಹೇಬರಿಗೆ ಮೀಟಿಂಗು. ಮೂರನೇ ಸಲ ಲಾಂಚು ಅರ್ಧ ದಾರಿಗೆ ಬಂದು, ಸಾಹೇಬರು ವಾಂತಿ ಮಾಡಿಕೊಂಡರೆಂದು ತಿರುಗಿ ಹೋಯಿತು. ಬಡಗಿಯ ಹೆಂಡತಿ ಪ್ರತಿ ಸಲ ಗಂಟುಮೂಟೆ ಕಟ್ಟಿದಳು, ಪ್ರತಿ ಸಲ ಬಿಚ್ಚಿದಳು. ಕಾರ್ಖಾನೆಯವರು ಬಂದರೆ ಬಾ ಬಿಟ್ಟರೆ ಬಿಡು ಎನ್ನುತ್ತಿದ್ದರು.

“ಅಕ್ಕಾ,” ಎಂದಳು ಅವಳು ಕಟ್ಟಿದ್ದ ಪಾತ್ರೆಯ ಮೂಟೆಯಿಂದ ಸೌಟು ಹುಡುಕುತ್ತಾ, “ನಿಮ್ಮ ಸಾಹೇಬ್ರು ಈ ಸಲವೂ ಬರದೇ ಹೋದ್ರೆ ನನ್ನ ಗಂಡನನ್ನೇ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೀತೀನಿ ನೋಡಿ.”

“ಹೊಡೀರಿ ಅತ್ತಿಗೆ, ಸುತ್ತಿಗೆ ನಾನೇ ತಂದುಕೊಡ್ತೀನಿ. ಅದಕ್ಕೆ ಮೊದಲು ಇದೊಂದ್ಸಲ ತಡ್ಕೊಳ್ಳಿ.”

ನಾಲ್ಕನೇ ಸಲ ತಾರೀಖು ಗಟ್ಟಿಯಾಯಿತು. ಪೋಸ್ಟಕ್ಕ ಮನೆಮನೆಗೂ ಹೋಗಿ ತಾಕೀತು ಮಾಡಿದಳು. ಮಕ್ಕಳು ಸ್ನಾನ ಮಾಡಿ, ತಲೆ ಬಾಚಿಕೊಂಡು ಬೆಂಚಿನಲ್ಲಿರಬೇಕು. ದೊಡ್ಡವರು ಯಾರೂ ತುಟಿ ಪಿಟಕ್ಕೆನ್ನಬಾರದು. ಇದು ಅವಳಿಗೆ ನಿಜವಾಗಿ ಹೆದರಿಕೆಯ ವಿಷಯವೇ ಆಗಿತ್ತು, ಯಾಕೆಂದರೆ ಅಲ್ಲಿನವರಿಗೆ ಸುಳ್ಳು ಹೇಳಿ ಅಭ್ಯಾಸವೇ ಇಲ್ಲ. ಅರವತ್ತು ಜನ ಇರುವ ಕಡೆ ಯಾರ ಮನೆಯ ಹಾಲು ಉಕ್ಕಿದರೂ ಎಲ್ಲರಿಗೂ ಗೊತ್ತು. ಸುಳ್ಳು ಹೇಳಿದರೆ ನಂಬುವವರಾದರೂ ಯಾರು? ದೊಡ್ಡಜ್ಜನಿಗಂತೂ, “ಅಜ್ಜಾ, ನೀವು ಅವತ್ತು ಮನೆಯಿಂದ ಹೊರಗೇ ಬರಬೇಡಿ” ಎಂದು ಎರಡೆರಡು ಸಲ ಹೇಳಿದಳು. ಅಜ್ಜ ತಲೆ ಆಡಿಸಿದರು. ಕೇಳಿಸಿತೋ ಇಲ್ಲವೋ ದೇವರಿಗೇ ಗೊತ್ತು.

ಆ ದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಎದ್ದು ಸಮುದ್ರ ನೋಡಲು ಜೆಟ್ಟಿಗೆ ಹೊರಟಳು. ದಾರಿಯಲ್ಲಿ ಬಡಗಿಯ ಮನೆ. ಜಗಲಿಯ ಮೇಲೆ ಪೆಟ್ಟಿಗೆಗಳು, ಹಾಸಿಗೆಯ ಸುರುಳಿ, ಒಂದರೊಳಗೊಂದು ಇಟ್ಟ ಎರಡು ಸ್ಟೂಲು. ಸಮುದ್ರ ಹೇಗಿದೆಯೋ, ಸಾಹೇಬರ ಹೊಟ್ಟೆ ಹೇಗಿದೆಯೋ, ಮೇಷ್ಟ್ರು ಎಲ್ಲಿ ಸತ್ಯ ಕಾರಿಬಿಡುತ್ತಾರೋ ಎಂದು ನೂರೆಂಟು ಯೋಚಿಸುತ್ತಾ ಅವಳು ಸ್ಟೂಲುಗಳನ್ನು ಎತ್ತಿಕೊಂಡು ನಡೆದಳು. ಸಮುದ್ರ ಕನ್ನಡಿಯ ಹಾಗಿತ್ತು. ಅಬ್ಬ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ನೇರ ಶಾಲೆಗೆ ಹೋದಳು. ನೆಲ ಒರೆಸಿದಳು, ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಟ್ಟಳು, ಹತ್ತು ಸೀಮೆಸುಣ್ಣ ಹತ್ತು ಸ್ಲೇಟು ಜೋಡಿಸಿದಳು.

ಹತ್ತು ಗಂಟೆಯಾಯಿತು. ಲಾಂಚಿನ ಹಾರ್ನು ಕೇಳಿಸಿತು. ಬೆಂಚುಗಳು ಖಾಲಿ.

“ಮೇಷ್ಟ್ರೇ, ಮಕ್ಕಳೆಲ್ಲಿ?”

“ಬೆಲ್ ಹೊಡೆದು ಅರ್ಧ ಗಂಟೆಯಾಯ್ತಮ್ಮ. ಒಬ್ಬರೂ ಬಂದಿಲ್ಲ.”

ಪೋಸ್ಟಕ್ಕ ಒರೆಸುವ ಬಟ್ಟೆ ಬಿಸಾಡಿದಳು. ಚಪ್ಪಲಿ ಮೆಟ್ಟುವುದನ್ನೂ ಮರೆತು ಜೆಟ್ಟಿಗೆ ಓಡಿದಳು.

ಆ ದ್ವೀಪದಲ್ಲಿ ಯಾರಾದರೂ ಮನೆ ಖಾಲಿ ಮಾಡಿ ಹೋಗುವಾಗ ತಮ್ಮ ಸಾಮಾನನ್ನು ತಾವು ಹೊರುವಂತಿಲ್ಲ. ಮನೆಗೊಂದು ಸಾಮಾನು, ಊರಿನವರು ಹೊತ್ತು ಜೆಟ್ಟಿಗೆ ಮುಟ್ಟಿಸಬೇಕು. ಹೋಗುವವರ ಕೈ ಖಾಲಿ ಇರಬೇಕು. ನಾಲ್ಕು ದಿನಕ್ಕೋ ನಾಲ್ಕು ತಿಂಗಳಿಗೋ ಹೋಗಿ ಬರುವವರ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ, ಅದು ಅವರವರ ಪಾಡು. ತಿರುಗಿ ಬಾರದವರಿಗೆ ಮಾತ್ರ ಈ ಮರ್ಯಾದೆ. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಮಕ್ಕಳು ನಡೆಯಲು ಕಲಿತ ದಿನದಿಂದ ಚಮಚವೋ ಲೋಟವೋ ಹಿಡಿದು ಹಿಂದೆ ಬರುತ್ತಾರೆ. ಮನೆಮನೆಗೂ ಹೋಗಿ ಏನೇನೋ ಹೇಳಿ ಬಂದಿದ್ದ ಪೋಸ್ಟಕ್ಕ, ಎಣಿಕೆ ಮುಗಿಯುವ ತನಕ ಹೊರಬೇಡಿ ಎಂದು ಒಬ್ಬರಿಗೂ ಹೇಳಿರಲಿಲ್ಲ. ಉಸಿರಾಡಬೇಡಿ ಎಂದು ಯಾರಾದರೂ ಹೇಳಿ ಬರುತ್ತಾರೆಯೇ?

ಜೆಟ್ಟಿಯ ತುಂಬ ಬಡಗಿಯ ಮನೆ ಹರಡಿಕೊಂಡಿತ್ತು. ಬೀರು, ಮಂಚದ ಕಾಲುಗಳು, ಹಾಸಿಗೆ, ಉಳಿ ಸುತ್ತಿಗೆಯ ಡಬ್ಬ. ಇಡೀ ಊರು ಅಲ್ಲೇ. ಸ್ನಾನ ಮಾಡಿ ತಲೆ ಬಾಚಿಕೊಂಡ ಮಕ್ಕಳು ತಲಾ ಒಂದೊಂದು ಸಾಮಾನು ಹಿಡಿದು ಸಾಲಾಗಿ ನಿಂತಿದ್ದರು. ಬಡಗಿಯ ಇಬ್ಬರು ಮಕ್ಕಳು ಮಾತ್ರ ಖಾಲಿ ಕೈ. ಹೊರಗೇ ಬರಬೇಡಿ ಎಂದು ಹೇಳಿಸಿಕೊಂಡಿದ್ದ ದೊಡ್ಡಜ್ಜ ಒಂದು ಬಕೆಟ್ಟು ಹಿಡಿದು ಎಲ್ಲರಿಗಿಂತ ಮುಂದೆ. ಅವರ ನಡುವೆ, ಲಾಂಚಿನಿಂದ ಆಗಷ್ಟೇ ಇಳಿದು, ಮುಖ ಬಿಳಿಚಿಕೊಂಡು, ಕಡತದ ಚೀಲ ಎದೆಗವುಚಿಕೊಂಡ ಎಣಿಕೆ ಸಾಹೇಬರು.

“ಇದೆಲ್ಲ ಏನು ಮರಿ?” ಎಂದು ಅವರು ಎದುರಿಗೆ ಸಿಕ್ಕ ಹುಡುಗಿಯನ್ನು ಕೇಳಿದರು. ಆ ಹುಡುಗಿ ಗುಬ್ಬಿ.

“ಇವರು ಊರು ಬಿಟ್ಟು ಹೋಗ್ತಿದ್ದಾರಲ್ಲ, ಅದಕ್ಕೆ ಹೊರ್ತಿದೀವಿ ಸಾರ್. ನಾನು ಗಡಿಯಾರ ತಂದೆ.” ಗುಬ್ಬಿ ಗಡಿಯಾರವನ್ನು ಎತ್ತಿ ತೋರಿಸಿದಳು. “ಬೀಳಿಸಲೇ ಇಲ್ಲ.”

“ಯಾರು ಯಾರು ಹೋಗ್ತಿದ್ದಾರೆ?”

“ಇವರು ನಾಲ್ಕೂ ಜನ,” ಎಂದರು ದೊಡ್ಡಜ್ಜ, ಬಂದವರಿಗೆ ಸಹಾಯವಾಗಲಿ ಎಂದು. “ಇಬ್ಬರು ಮಕ್ಕಳು ಸೇರಿ. ಪಾಪ, ತಿಂಗಳ ಹಿಂದೆಯೇ ಹೋಗಬೇಕಿತ್ತು. ನಿಮಗೋಸ್ಕರ ಕಾದರು ಸ್ವಾಮಿ.”

ಪೋಸ್ಟಕ್ಕ ಹಣೆ ಹಣೆ ಚಚ್ಚಿಕೊಂಡಳು.

ಸಾಹೇಬರು ಕೆಟ್ಟವರಲ್ಲ. ಶಾಲೆಯ ತನಕ ನಡೆದುಬಂದರು, ಒರೆಸಿದ ನೆಲ ನೋಡಿದರು, ಹತ್ತು ಸ್ಲೇಟು ನೋಡಿದರು. ರಿಜಿಸ್ಟರಿನ ಎರಡು ಹೆಸರುಗಳ ಮೇಲೆ ಅವರ ಪೆನ್ನು ನಿಂತಿತು.

“ಸಾರ್, ಇವತ್ತು ಹತ್ತು ಜನ ಇದ್ದಾರಲ್ಲ,” ಎಂದಳು ಪೋಸ್ಟಕ್ಕ. “ಕಣ್ಣಾರೆ ನೋಡಿದ್ರಲ್ಲ ಸಾರ್. ಇನ್ನೂ ಲಾಂಚ್ ಹತ್ತಿಲ್ಲ ಅವರು.”

“ಬರೋ ವರ್ಷ ಇರೋ ಮಕ್ಕಳನ್ನ ಬರೀಬೇಕಮ್ಮ.” ಅವರು ಮೇಷ್ಟ್ರ ಕಡೆ ನೋಡಿ, ದನಿ ತಗ್ಗಿಸಿದರು. “ಮಕ್ಕಳು ಬೆಂಚಲ್ಲಿ ಕೂತಿದ್ದಿದ್ರೆ ಎಣಿಸಿ ಹೋಗ್ತಿದ್ದೆ. ಯಾರು ಎಲ್ಲಿಗೆ ಹೋಗ್ತಾರೆ ಅಂತ ಕೇಳೋಕೆ ನನಗೇನಿತ್ತು? ಎದುರಿಗೇ ಮನೆ ಸಾಮಾನು ತಂದು ನಿಲ್ಲಿಸಿದ್ರೆ ನಾನೇನು ಮಾಡಲಿ, ನೀವೇ ಹೇಳಿ.”

ಎಂಟು ಎಂದು ಬರೆದರು. ಅವಳ ಹತ್ತಿರವೇ ಸೀಲು ಹಾಕಿಸಿಕೊಂಡರು. ಏಳನೇ ಪ್ರಶ್ನೆಯ ಬಗ್ಗೆ ಕೇಳಲೇ ಇಲ್ಲ.

ಲಾಂಚು ಹೋದ ಮೇಲೆ ಪೋಸ್ಟಕ್ಕ ಜೆಟ್ಟಿಯ ಮೇಲೆ ನಿಂತು ಇಡೀ ಊರಿಗೆ ಮಂಗಳಾರತಿ ಎತ್ತಿದಳು. “ಬುದ್ಧಿ ಅನ್ನೋದು ಒಂದು ಚೂರಾದರೂ ಬೇಡ್ವಾ? ಒಂದು ಗಂಟೆ, ಒಂದೇ ಒಂದು ಗಂಟೆ ಕಾಯೋಕೆ ಆಗ್ಲಿಲ್ವಾ ನಿಮಗೆ? ಯಾರು, ಯಾರು ಮೊದಲು ಹೊತ್ತಿದ್ದು? ಹೇಳಿ! ಇವತ್ತು ನನ್ನ ಕೈಲಿ ಅವರಿಗೆ ಗ್ರಹಚಾರ ಬಿಡಿಸ್ತೀನಿ!”

ದೊಡ್ಡಜ್ಜ ನೆಲ ನೋಡಿದರು. ಮೆಕ್ಯಾನಿಕ್ಕು ಸಮುದ್ರ ನೋಡಿದ.

“ಅಮ್ಮ,” ಎಂದಳು ಗುಬ್ಬಿ, “ನಾವು ಬಂದಾಗ ಸ್ಟೂಲು ಆಗಲೇ ಇಲ್ಲಿತ್ತು. ನೀನೇ ತಂದಿಟ್ಟಿದ್ದು ಅಂತ ಬಡಗಿ ಅತ್ತೆ ಹೇಳಿದ್ರು. ಪೋಸ್ಟಕ್ಕನೇ ಹೊತ್ತ ಮೇಲೆ ನಾವೂ ಹೊರಬಹುದು ಅಂತ ಎಲ್ಲರೂ ಹೊತ್ತರು.”

ಪೋಸ್ಟಕ್ಕ ತನ್ನ ಎರಡು ಕೈ ನೋಡಿಕೊಂಡಳು. ಬೆಳಿಗ್ಗೆ ಸ್ಟೂಲು ಎತ್ತಿದ್ದು, ಇಳಿಸಿದ್ದು, ಯಾವುದೂ ಅವಳಿಗೆ ಕೆಲಸ ಎಂದು ಅನ್ನಿಸಿಯೇ ಇರಲಿಲ್ಲ. ಅವಳು ಒಂದು ಮಾತೂ ಆಡದೆ ಮನೆಗೆ ಹೋಗಿ ಪೋಸ್ಟಾಫೀಸಿನ ಬಾಗಿಲು ಹಾಕಿಕೊಂಡದ್ದನ್ನು ದ್ವೀಪದವರು ಮೊದಲ ಸಲ ನೋಡಿದರು.

ಆಮೇಲೆ ಅವಳು ಏನೇನು ಬರೆದಳು, ಎಷ್ಟು ಕಡೆ ಬರೆದಳು, ಲೆಕ್ಕವಿಲ್ಲ. ಮನವಿಗಳೆಲ್ಲ ‘ಸ್ವೀಕರಿಸಲಾಗಿದೆ’ ಎಂಬ ಒಂದೇ ಸಾಲು ಹೊತ್ತು ವಾಪಸು ಬಂದವು. ರಜೆಯಲ್ಲಿ ಮೇಷ್ಟ್ರಿಗೆ ವರ್ಗದ ಆದೇಶ ಬಂತು. ಅವರ ಪುಸ್ತಕದ ಪೆಟ್ಟಿಗೆಗಳನ್ನು ಊರು ಹೊತ್ತಿತು. ಈ ಸಲ ಎಲ್ಲರೂ ಲಾಂಚು ಬರುವ ತನಕ ಕಾದು, ಆಮೇಲೆ ಹೊತ್ತರು. ಬೇಕಾದಾಗ ಬಾರದ ಬುದ್ಧಿ ಈಗ ಬಂದಿತ್ತು, ಏನು ಪ್ರಯೋಜನ?

ರಜೆ ಮುಗಿಯಿತು. ಶನಿವಾರ ಬಂತು. ಗುಬ್ಬಿಯ ಟ್ರಂಕು ಪೋಸ್ಟಾಫೀಸಿನ ಬಾಗಿಲಲ್ಲಿ ಸಿದ್ಧವಾಗಿತ್ತು. ಮುಚ್ಚಳದ ಮೇಲೆ ಪೋಸ್ಟಕ್ಕ ಬಿಳಿ ಬಣ್ಣದಲ್ಲಿ ರಿಜಿಸ್ಟರಿನ ಹೆಸರು ಬರೆದಿದ್ದಳು. ಅದನ್ನು ಓದಿ ಗುಬ್ಬಿ, “ಇದು ಯಾರದು?” ಎಂದು ತಮಾಷೆ ಮಾಡಿದ್ದಳು. ಅವಳ ಅಮ್ಮನಿಗೆ ನಗು ಬಂದಿರಲಿಲ್ಲ.

ಟ್ರಂಕಿಗೆ ಬೀಗ ಹಾಕಿ ತಲೆಯೆತ್ತಿದರೆ ಬಾಗಿಲಲ್ಲಿ ದೊಡ್ಡಜ್ಜ. ಅವರ ಹಿಂದೆ ಇಬ್ಬರು, ಅವರ ಹಿಂದೆ ಇನ್ನಷ್ಟು ಜನ. ಅಜ್ಜ ಬಗ್ಗಿ ಟ್ರಂಕಿನ ಹಿಡಿಗೆ ಕೈ ಚಾಚಿದರು.

“ಮುಟ್ಟಬೇಡಿ!”

ಅವಳ ಕೂಗಿಗೆ ಅಜ್ಜ ಬೆಚ್ಚಿ ಕೈ ಹಿಂದೆಳೆದುಕೊಂಡರು.

“ಯಾರು ಕರೆದ್ರು ನಿಮ್ಮನ್ನೆಲ್ಲ? ಅವಳೇನು ಊರು ಬಿಟ್ಟು ಹೋಗ್ತಿಲ್ಲ, ಓದೋಕೆ ಹೋಗ್ತಿದ್ದಾಳೆ. ಬರೋ ಶನಿವಾರ ಬರ್ತಾಳೆ. ಗೊತ್ತಾಯ್ತಾ? ಬರ್ತಾಳೆ!”

“ಅಲ್ಲಮ್ಮ, ಬಂದ್ರೂ ಒಂದೂವರೆ ಗಂಟೆಗೆ...” ಎಂದು ಅಜ್ಜ ಶುರು ಮಾಡಿದರು.

“ಒಂದೂವರೆ ಗಂಟೆಗೋ, ಒಂದೂವರೆ ನಿಮಿಷಕ್ಕೋ! ಬರೋರ ಸಾಮಾನು ಊರವರು ಹೊರಲ್ಲ. ಅಷ್ಟೂ ಗೊತ್ತಿಲ್ವಾ ನಿಮಗೆ? ದಾರಿ ಬಿಡಿ.”

ಅವರು ದಾರಿ ಬಿಟ್ಟರು. ಮೆಕ್ಯಾನಿಕ್ಕು ಹಾಸಿಗೆಯ ಸುರುಳಿ ಹೆಗಲಿಗೇರಿಸಿಕೊಂಡು ಮುಂದೆ ನಡೆದ. ಪೋಸ್ಟಕ್ಕ ಟ್ರಂಕಿನ ಒಂದು ಹಿಡಿ ಹಿಡಿದಳು, ಗುಬ್ಬಿ ಎರಡೂ ಕೈಯಲ್ಲಿ ಇನ್ನೊಂದನ್ನು ಹಿಡಿದಳು.

ಜೆಟ್ಟಿಯ ದಾರಿಯಲ್ಲಿ ಉಳಿದ ಮನೆಗಳಿಂದಲೂ ಟ್ರಂಕುಗಳು ಇಳಿದು ಬರುತ್ತಿದ್ದವು. ಒಟ್ಟು ಎಂಟು. ಎಲ್ಲ ಮನೆಗಳಲ್ಲೂ ಅದೇ ಮಾತು ನಡೆದಿರಬೇಕು. ಅಪ್ಪಂದಿರು, ಅಮ್ಮಂದಿರು, ಅಣ್ಣ ತಂಗಿಯರು ತಮ್ಮ ತಮ್ಮದನ್ನು ತಾವೇ ಎಳೆದುಕೊಂಡು ಬರುತ್ತಿದ್ದರು, ಯಾರೂ ಯಾರದ್ದನ್ನೂ ಮುಟ್ಟಲಿಲ್ಲ. ಉಳಿದವರೆಲ್ಲ ದಾರಿಯ ಎರಡೂ ಬದಿಗೆ ನಿಂತಿದ್ದರು. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಕೆಲವರು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ದೊಡ್ಡಜ್ಜ ಹಿಂದಿನಿಂದ ಖಾಲಿ ಕೈ ಬೀಸಿಕೊಂಡು ಬರುತ್ತಿದ್ದರು.

ಇಳಿಜಾರಿನಲ್ಲಿ ಗುಬ್ಬಿಗೆ ಏದುಸಿರು ಬಂತು. “ಅಮ್ಮ, ನಾನು ವಾಪಸ್ ಬರೋಳು ತಾನೇ?”

“ಮತ್ತಿನ್ನೇನು?”

“ಮತ್ಯಾಕೆ ಎಲ್ಲರೂ ಬಂದಿದ್ದಾರೆ?”

ಪೋಸ್ಟಕ್ಕ ಮುಂದೆಯೇ ನೋಡುತ್ತಿದ್ದಳು. ಲಾಂಚಿನ ಡ್ರೈವರು ಗಡಿಯಾರ ನೋಡಿಕೊಂಡು ಹಾರ್ನು ಒತ್ತಿದ.

“ಅವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ,” ಎಂದಳು. “ಎತ್ತು, ನಿನ್ನ ಕಡೆ ಕೆಳಗೆ ಹೋಗ್ತಿದೆ.”